ನೆತ್ತಿಯಲ್ಲಿ ತೂತಿದ್ದ ಬಿಲ್ಲೆ

ಇಬ್ರಾಯಿಚ್ಚಾ,

ನಿಮ್ಮಲ್ಲಿ ಒಂದು ಜಗಳ ಬಾಕಿ ಇದೆ. ನೀವಿದ್ದಾಗ ಮಾಡಬೇಕಿದ್ದ ಜಗಳವಲ್ಲ, ನೀವು ಹೋದ ಮೇಲೆ ಹುಟ್ಟಿದ್ದು. ಮಣ್ಣಿಗೆ ಹೋದವರಲ್ಲಿ ಜಗಳಕ್ಕೆ ಹೊರಟವನಿಗೆ ತಲೆ ಸರಿ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಇರಲಿ. ಪೆರ್ಲದ ನನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಅರ್ಧ ಎಳೆದು, ಊಟಕ್ಕೂ ಹೋಗದೆ ಇದನ್ನು ಬರೆಯುತ್ತಿದ್ದೇನೆ. ನೀವು ಕಲಿಸಿದ ವಿದ್ಯೆಯಿಂದಲೇ ಒಂದು ಅನರ್ಥ ಮಾಡಿ ಕೂತಿದ್ದೇನೆ. ಅದನ್ನು ಬೇರೆ ಯಾರಿಗೆ ಹೇಳಲಿ? ಹಳೆಯ ಬಿಲ್ಲೆಯೊಂದನ್ನು ಕೈಯಲ್ಲಿ ಹಿಡಿದು ಅದರ ಜಾತಕ ಹೇಳುವವರು ಈ ಕಡೆ ನೀವೊಬ್ಬರೇ ಇದ್ದದ್ದು.

ನಿಮ್ಮ ಅಂಗಡಿಗೆ ನಾನು ಮೊದಲು ಬಂದ ದಿನ ನೆನಪಿದೆಯಾ? ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫೋನಿನ ಡಿಸ್‌ಪ್ಲೇ ಮಾರುವವನನ್ನು ಹುಡುಕುತ್ತ, ಬಾಗಿಲು ತಪ್ಪಿ ನಿಮ್ಮಲ್ಲಿಗೆ ನುಗ್ಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯಗಳು, ಅಂಚೆಚೀಟಿಗಳು, ಅವುಗಳ ನಡುವೆ ಸಿಪಾಯಿಗಳ, ಪೊಲೀಸರ ಟೊಪ್ಪಿಯ ಬಿಲ್ಲೆಗಳು. ಕಿರೀಟ ಇದ್ದದ್ದು, ಸಿಂಹ ಇದ್ದದ್ದು, ಆನೆ ಇದ್ದದ್ದು. ನಾನು ಬಾಯಿ ಬಿಟ್ಟು ನಿಂತಿದ್ದೆ. "ಎಂತ ಮಾರಾಯ, ಕಣ್ಣಲ್ಲೇ ತಿನ್ನುದಾ? ಒಳಗೆ ಬಾ, ಕೂತ್ಕೋ," ಎಂದಿರಿ. ದುಬೈಯಲ್ಲಿ ದುಡಿದವರೆಲ್ಲ ಬಂದು ಮಾಳಿಗೆ ಮನೆ ಕಟ್ಟಿಸಿದರೆ ನೀವು ಹಿತ್ತಾಳೆ ಕೂಡಿಹಾಕಿದಿರಿ ಎಂದು ಮನೆಯವರು ಬೈಯುತ್ತಾರೆಂದು ನಗುತ್ತ ಹೇಳಿದಿರಿ. ಸಂಜೆಯ ತನಕ ಕೂತೆ. ಬಂದ ಕೆಲಸ ಮರೆತು, ಡಿಸ್‌ಪ್ಲೇ ಇಲ್ಲದೆಯೇ ಬಸ್ಸು ಹತ್ತಿದೆ.

"ಮುಖ ಎಲ್ಲರೂ ನೋಡ್ತಾರೆ, ನೀನು ಬೆನ್ನು ನೋಡು." ಇದು ನನಗೆ ನೀವು ಹೇಳಿಕೊಟ್ಟ ಮೊದಲ ಪಾಠ. ಅಸಲಿ ಬಿಲ್ಲೆಯನ್ನು ತಗಡಿನ ಮೇಲೆ ಅಚ್ಚು ಒತ್ತಿ ಮಾಡುತ್ತಾರೆ, ಅದರ ಗೆರೆಗಳು ಚೂಪಾಗಿರುತ್ತವೆ, ಬೆನ್ನು ನುಣುಪಾಗಿರುತ್ತದೆ. ಕಳ್ಳಮಾಲನ್ನು ಕರಗಿಸಿ ಎರಕ ಹೊಯ್ಯುತ್ತಾರೆ, ಅದರ ಮೈಯಲ್ಲಿ ಮರಳಿನ ಸಣ್ಣ ಸಣ್ಣ ಗುಳಿಗಳಿರುತ್ತವೆ, ಸಿಂಹದ ಕೂದಲು ಅಂಬಲಿ ಮೆತ್ತಿದ ಹಾಗಿರುತ್ತದೆ. ಟೊಪ್ಪಿಗೆ ಸಿಕ್ಕಿಸುವ ಕೊಂಡಿ ಎಲ್ಲಿದೆ, ಎಂಥ ಬೆಸುಗೆ, ದಿನಾ ಒರೆಸಿ ಒರೆಸಿ ಸವೆದದ್ದೋ, ಆಸಿಡ್ ಹಚ್ಚಿ ಸವೆಸಿದ್ದೋ... ನೀವು ಹೇಳುತ್ತಾ ಹೋದಿರಿ, ನಾನು ಬಾಯಿಪಾಠ ಮಾಡುತ್ತಾ ಹೋದೆ. ಫೋನಿನ ಬೋರ್ಡು ನೋಡಿ ಪಳಗಿದ ಕಣ್ಣು ನನ್ನದು, ಬೇಗ ಹತ್ತಿತು. "ನಿನ್ನ ಕಣ್ಣು ನನ್ನದಕ್ಕಿಂತ ಒಳ್ಳೇದುಂಟು," ಎಂದು ಒಮ್ಮೆ ಹೇಳಿಬಿಟ್ಟಿರಿ. ಆ ಮಾತು ಹೇಳಬಾರದಿತ್ತು ನೀವು.

ಯಾರಾದರೂ ಬಿಲ್ಲೆ ಮಾರಲು ಬಂದಾಗ ನೀವು ಮಾಡುತ್ತಿದ್ದ ಒಂದು ಕೆಲಸ ಮಾತ್ರ ನನಗೆ ಸುತರಾಂ ಹಿಡಿಸುತ್ತಿರಲಿಲ್ಲ. ಸಾಮಾನನ್ನು ಮುಟ್ಟುವುದೇ ಇಲ್ಲ! ಮೊದಲು ಅವನಿಗೊಂದು ಹಾಲಿಲ್ಲದ ಸುಲೈಮಾನಿ ಚಾ. ಆಮೇಲೆ ಮಾತು. ಮನೆ ಎಲ್ಲಿ, ಇದು ಯಾರದ್ದು, ಎಲ್ಲಿ ಇತ್ತು, ಅಲ್ಲಿಂದ ತೆಗೆದದ್ದು ಯಾರು, ತೆಗೆಯುವಾಗ ಮನೆಯ ಹೆಂಗಸರಿಗೆ ಗೊತ್ತಿತ್ತಾ? ಚಾ ಆರಿ ತಣ್ಣಗಾದರೂ ಮಾತು ಮುಗಿಯುತ್ತಿರಲಿಲ್ಲ. ಬಿಲ್ಲೆ ಪಾಪ ಕಾಗದದ ಪೊಟ್ಟಣದಲ್ಲೇ ಬಿದ್ದಿರುತ್ತಿತ್ತು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಹಿತ್ತಾಳೆ ನೋಡಿ ಹೇಳುವುದಕ್ಕೆ ಸಂಸಾರದ ಪುರಾಣ ಯಾಕೆ? ಮುದುಕರಿಗೆ ಹೊತ್ತು ಹೋಗಬೇಕಲ್ಲ, ಪಟ್ಟಾಂಗ ಹೊಡೆಯುತ್ತಾರೆ ಎಂದುಕೊಂಡೆ.

ನೀವು ತೀರಿಕೊಂಡ ಮೇಲೆ ನಿಮ್ಮ ಮಗ ನಿಮ್ಮ ಲೆನ್ಸನ್ನು ನನ್ನ ಕೈಗಿಟ್ಟು, "ಉಪ್ಪ ಇದನ್ನು ನಿಮಗೇ ಕೊಡ್ಲಿಕ್ಕೆ ಹೇಳಿದ್ರು," ಎಂದ. ನಾಚಿಕೆ ಇಲ್ಲದೆ ಅತ್ತುಬಿಟ್ಟೆ. ಆಮೇಲೆ ಬೆಳೆದೆ ನೋಡಿ. ಫೋನಿನಲ್ಲಿ ಬಿಲ್ಲೆ ಸಂಗ್ರಹಿಸುವವರ ಗುಂಪುಗಳಿವೆ, ಅಲ್ಲಿ ದಿನ ಬೆಳಗಾದರೆ ಸಂತೆ. ನಿನ್ನೆ ಎರಕ ಹೊಯ್ದು, ರಾತ್ರಿಯಿಡೀ ಕೆಸರಲ್ಲಿ ಹುಗಿದು, ಇವತ್ತು "ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು" ಎಂದು ಮಾರುವವರು. ಈಗ ಚಾಲ್ತಿಯಲ್ಲಿರುವ ಪೊಲೀಸ್ ಬಿಲ್ಲೆಯನ್ನೇ ಮಾರಲು ಇಡುವ ಧೈರ್ಯಸ್ಥರೂ ಇದ್ದಾರೆ, ಅದನ್ನು ಹಾಕಿಕೊಂಡು ಯಾರ ಮನೆ ಬಾಗಿಲು ತಟ್ಟುತ್ತಾರೋ ದೇವರೇ ಬಲ್ಲ. ಅಂಥವರನ್ನು ನಾನು ಹಿಡಿದೆ, ಓಡಿಸಿದೆ. "ವಸಂತಣ್ಣ ನೋಡಿ ಹೇಳಲಿ" ಎಂಬ ಮಾತು ಬಂತು. ನಾನು ನೋಡಿ ಹೇಳುತ್ತಿದ್ದೆ. ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ಪುತ್ತೂರು ಕಡೆಯ ಒಬ್ಬ ಗುಜರಿ ವ್ಯಾಪಾರಿ ಗುಂಪಿನಲ್ಲಿ ಒಂದು ಫೋಟೋ ಹಾಕಿದ. ನಮ್ಮ ಊರು ಮದ್ರಾಸಿಗೆ ಸೇರಿದ್ದ ಕಾಲದ ಪೊಲೀಸ್ ಬಿಲ್ಲೆ, ಕಿರೀಟ ಹೋಗಿ ಸಿಂಹ ಬಂದ ಮೇಲಿನದ್ದು. ನಿಮಗೆ ನಾನು ಹೇಳಬೇಕೇ? ಸಿಂಹ ಬಂದದ್ದಕ್ಕೂ ನಾವು ಕೇರಳಕ್ಕೆ ಸೇರಿದ್ದಕ್ಕೂ ನಡುವೆ ಇದ್ದದ್ದು ಕೆಲವೇ ವರ್ಷ. ಅಂಥದ್ದು ಕಣ್ಣಿಗೆ ಬೀಳುವುದೇ ಅಪರೂಪ. ಕೊಳ್ಳುವವನು ವಸಂತಣ್ಣನ ಮಾತು ಬೇಕೆಂದು ಹಟ ಹಿಡಿದ. ಗುಜರಿಯವ ಬಸ್ಸು ಹತ್ತಿ ಪೆರ್ಲಕ್ಕೇ ಬಂದ. "ಅಣ್ಣಾ, ಇದು ಎಲ್ಲಿ ಸಿಕ್ಕಿದ್ದು ಅಂದ್ರೆ..." ಎಂದು ಶುರುಮಾಡಿದ. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳು ಕಾಯುತ್ತಿದ್ದರು. "ಕತೆ ಬೇಡ ಮಾರಾಯ, ಸಾಮಾನು ಕೊಡು," ಎಂದೆ.

ಮೈಕ್ರೋಸ್ಕೋಪಿನ ಕೆಳಗಿಟ್ಟ ಕ್ಷಣವೇ ಗೊತ್ತಾಯಿತು. ಎರಕ! ದಪ್ಪ, ಒರಟು, ಬೆನ್ನಿನ ತುಂಬ ಗುಳಿ. ಅಳತೆಯೇ ತಪ್ಪು. ಟೊಪ್ಪಿಗೆ ಸಿಕ್ಕಿಸುವ ಕೊಂಡಿಯೇ ಇಲ್ಲ, ಅದರ ಬದಲು ನೆತ್ತಿಯಲ್ಲೊಂದು ತೂತು. ಸಿಂಹಗಳಿಗೆ ಉಬ್ಬಿದ ಕಣ್ಣು, ಹೊರಚಾಚಿದ ನಾಲಗೆ. ಸಂದುಗಳಲ್ಲಿ ಎಣ್ಣೆ ಮಸಿ, ಅದರ ಮೇಲೆ ಎಂಥದೋ ಕೆಂಪು ಹುಡಿ. ಬೇರೆ ಬೇರೆ ಕೋನಗಳಿಂದ ಫೋಟೋ ತೆಗೆದು, ಒಂದೊಂದು ತಪ್ಪಿಗೂ ಕೆಂಪು ವೃತ್ತ ಎಳೆದು ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: "ನಕಲಿ. ತೂತಿರುವ ಬಿಲ್ಲೆಯನ್ನು ಯಾವ ಪೊಲೀಸಿನವನೂ ಹಾಕಿದ್ದಿಲ್ಲ. ಹೊಗೆ ಹಿಡಿಸಿ ಹಳೆಯದು ಮಾಡಿದ್ದಾರೆ. ಕಿಲೋ ಲೆಕ್ಕದ ಹಿತ್ತಾಳೆ." ಎಲ್ಲರೂ ನಕ್ಕರು. ಗುಜರಿಯವ ಮುಖ ಕೆಂಪಗೆ ಮಾಡಿಕೊಂಡು ಬಿಲ್ಲೆ ಎತ್ತಿಕೊಂಡು ಹೋದ. ಒಂದು ಮಾತು ತಪ್ಪು ಹೇಳಿದ್ದೇನಾ ಅದರಲ್ಲಿ? ನೀವೇ ಹೇಳಿ. ಒಂದೂ ಇಲ್ಲ ಎಂದೇ ಆಗ ನಂಬಿದ್ದೆ.

ಅದಾಗಿ ಒಂದು ವಾರ ಕಳೆದಿರಬೇಕು, ಕಮಲಕ್ಕ ಬಂದರು. ನಿಮಗೆ ಇವರ ಪರಿಚಯವಿಲ್ಲ. ಪೆರ್ಲದಿಂದ ಒಳಗೆ ಗುಡ್ಡದ ಬದಿಯವರು, ಎಪ್ಪತ್ತು ದಾಟಿದೆ, ಗಂಡ ಇಲ್ಲ. ಇರುವ ಒಬ್ಬ ಮಗ ಸತೀಶ ಮಿಲಿಟರಿಯಲ್ಲಿ, ಉತ್ತರದ ಗಡಿಯಲ್ಲಿದ್ದಾನೆ. ಕೊಡೆಯನ್ನು ಬಾಗಿಲಿಗೆ ಒರಗಿಸಿ ಫೋನನ್ನು ಮೇಜಿನ ಮೇಲಿಟ್ಟರು. "ಇದು ರಿಂಗೇ ಆಗುದಿಲ್ಲ ವಸಂತಣ್ಣ. ಮಗ ಫೋನ್ ಮಾಡಿದ್ರೂ ನಂಗೆ ಗೊತ್ತಾಗುದಿಲ್ಲ." ಬಿಚ್ಚಿ ನೋಡಿದೆ, ಸ್ಪೀಕರಿನಲ್ಲಿ ಧೂಳು. "ಎಂತ ಆಗ್ಲಿಲ್ಲ ಕಮಲಕ್ಕ, ಈಗ ಸರಿ ಆಗ್ತದೆ," ಎಂದೆ. "ಫೋನ್ ಸರಿ ಆಗ್ತದೆ. ನಮ್ಮ ಹಣೆಬರ ಸರಿ ಆಗ್ಬೇಕಲ್ಲ? ಅಮ್ಮನ ಹರಕೆಯೇ ದೈವದ ಚಾವಡಿಯಿಂದ ಹೋಯ್ತು. ಯಾರೋ ಕದ್ದಿದ್ದಾರೆ. ಆ ಮೇಲಿಂದ ನಂಗೆ ಎರಡು ತುತ್ತು ಗಂಟಲಲ್ಲಿ ಇಳಿಯುದಿಲ್ಲ."

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅವರ ಅಪ್ಪ ಪೊಲೀಸು. ಕಮಲಕ್ಕ ತೊಟ್ಟಿಲಲ್ಲಿರುವಾಗ ಅಪ್ಪನನ್ನು ದೂರ ಎಲ್ಲಿಗೋ ಗಲಾಟೆ ಅಡಗಿಸಲು ಕಳಿಸಿದ್ದರಂತೆ. ತಿಂಗಳುಗಟ್ಟಲೆ ಸುದ್ದಿ ಇಲ್ಲ. ಅಮ್ಮ ದೈವದ ಮುಂದೆ ಹೋಗಿ, ಗಂಡ ಜೀವಂತ ಬಂದರೆ ಅವರ ಟೊಪ್ಪಿಯ ಬಿಲ್ಲೆಯನ್ನು ನಿನಗೆ ಒಪ್ಪಿಸುತ್ತೇನೆ ಎಂದು ಹೇಳಿಕೊಂಡರು. ಅಪ್ಪ ಬಂದರು. ಆದರೆ ಬಿಲ್ಲೆ ಸರಕಾರದ್ದು, ಕೊಡುವ ಹಾಗಿಲ್ಲ. ಕಣ್ಣಿಗೆ ಹರಕೆ ಹೇಳಿದವರು ಬೆಳ್ಳಿಯ ಕಣ್ಣು ಮಾಡಿಸಿ ಒಪ್ಪಿಸುವುದಿಲ್ಲವೇ? ಹಾಗೆ ಅಮ್ಮ ಕಂಚುಗಾರನನ್ನು ಕರೆಸಿ, ಬಿಲ್ಲೆಯನ್ನು ಒಮ್ಮೆ ತೋರಿಸಿ, ಅಂಥದ್ದೇ ಒಂದು ಎರಕ ಹೊಯ್ಯಿಸಿದರು. ದೈವದ ಹಿತ್ತಾಳೆಯ ಮುಖವಾಡ, ಅಂದರೆ ಮೊಗ, ಮಾಡಿದವನೂ ಅವನೇ. "ಪ್ರತಿ ವರ್ಷ ತಂಬಿಲದ ಸೇವೆಗೆ ದೈವ ಮೈಮೇಲೆ ಬಂದಾಗ ಪಾತ್ರಿ ಅದನ್ನು ಮುಟ್ಟಿ, ನಿನ್ನ ಅಮ್ಮ ಕೊಟ್ಟ ಮಾತು ನನ್ನಲ್ಲುಂಟು ಅಂತ ಹೇಳುದು. ಸತೀಶ ಮಿಲಿಟರಿಗೆ ಸೇರುವಾಗ ಅದರ ಎದುರೇ ನಿಲ್ಲಿಸಿ ಕಳಿಸಿದ್ದು ನಾನು. ಈಗ ಆ ಮಾತು ಎಲ್ಲುಂಟು? ನನ್ನ ಮಗನನ್ನು ಯಾರು ನೋಡಿಕೊಳ್ಳುದು?"

ಸ್ಕ್ರೂಡ್ರೈವರ್ ಕೆಳಗಿಟ್ಟೆ, ಇಬ್ರಾಯಿಚ್ಚಾ. "ಎಷ್ಟು ದೊಡ್ಡದು ಕಮಲಕ್ಕ?" ಎಂದು ಕೇಳಿದೆ. ಅಂಗೈಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸಿದರು. "ಮೇಲೆ ಒಂದು ಒಟ್ಟೆ ಉಂಟು, ಸರಿಗೆ ಹಾಕಿ ದೀಪದ ಹತ್ರ ನೇತಾಡಿಸ್ಲಿಕ್ಕೆ." ದೀಪದ ಹತ್ತಿರ! ಹಾಗಾದರೆ ಆ ಮಸಿ ದೀಪದ್ದು. ಆ ಕೆಂಪು ಹುಡಿ ಕುಂಕುಮ. ಉಬ್ಬಿದ ಕಣ್ಣು, ಚಾಚಿದ ನಾಲಗೆ ದೈವದ ಮೊಗದ್ದು. ಪಾಪ ಆ ಕಂಚುಗಾರ ಸಿಂಹ ಕಂಡವನಲ್ಲ, ತನಗೆ ಗೊತ್ತಿದ್ದ ಮುಖವನ್ನೇ ಮಾಡಿದ್ದ. ನಾನು ಕೆಂಪು ವೃತ್ತ ಎಳೆದ ಒಂದೊಂದು ತಪ್ಪೂ ಅವರ ಅಮ್ಮನ ಹರಕೆಯ ಗುರುತು. ಆ ಫೋಟೋಗಳು ಪಕ್ಕದ ಕಂಪ್ಯೂಟರಿನಲ್ಲೇ ಇದ್ದವು, ಕೈ ಚಾಚಿದರೆ ತೋರಿಸಬಹುದಿತ್ತು. ತೋರಿಸಲಿಲ್ಲ. "ಫೋನ್ ನಾಳೆ ತೆಗೊಂಡೋಗಿ," ಎಂದೆ.

ಅಂಗಡಿ ಮುಚ್ಚಿ ಸೀದಾ ಗುಜರಿಯವನಲ್ಲಿಗೆ ಹೋದೆ. ನನ್ನನ್ನು ಕಂಡದ್ದೇ ಅವನು ಮುಖ ಸಿಂಡರಿಸಿದ. "ಎಂತ ಅಣ್ಣ, ಇನ್ನೂ ನಗ್ಲಿಕ್ಕುಂಟಾ?" ಬಿಲ್ಲೆ ಎಲ್ಲಿ ಎಂದೆ. "ನೀವೇ ಅಲ್ವಾ ಕಿಲೋ ಲೆಕ್ಕ ಅಂದದ್ದು? ಸಿಟ್ಟು ಬಂತು. ಸುತ್ತಿಗೆ ತೆಗೊಂಡು ಜಜ್ಜಿ ಮೂಟೆಗೆ ಹಾಕಿದೆ. ಮೂಟೆ ಹೋಗಿ ಆಯ್ತು, ಇಷ್ಟೊತ್ತಿಗೆ ಕರಗಿ ನೀರಾಗಿರ್ಬಹುದು." ಅದು ಕದ್ದ ಮಾಲಾಗಿತ್ತಾ ಎಂದು ಗದರಿದೆ. ಅವನು ತಣ್ಣಗೆ ಹೇಳಿದ: "ಕದ್ದದ್ದು ಎಂತಕ್ಕೆ? ದೈವದ ಚಾವಡಿ ಜೀರ್ಣೋದ್ಧಾರ ಮಾಡುವಾಗ ಅಲ್ಲಿಯ ಯಜಮಾನರು, ಗುರಿಕಾರರೇ ಹಳೆ ದೀಪ, ಒಡಕು ಗಂಟೆ ಎಲ್ಲ ತೂಕಕ್ಕೆ ಕೊಟ್ಟದ್ದು. ಅದ್ರಲ್ಲಿ ಇತ್ತು. ಅದನ್ನೇ ಹೇಳ್ಲಿಕ್ಕೆ ಹೊರಟದ್ದು ನಾನು. ಕತೆ ಬೇಡ ಅಂದ್ರಿ ನೀವು." ಅವನ ಅಂಗಡಿಯ ಹಳೆ ಗ್ಯಾಸ್ ಸಿಲಿಂಡರಿನ ಮೇಲೆಯೇ ಕೂತುಬಿಟ್ಟೆ. ಕೆಲಸದ ಹುಡುಗ ನೀರು ಕೊಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಲಿತದ್ದು. ನನ್ನ ಒಂದೇ ಮಾತಿಗೆ ಎರಡೂ ಹೋಗಿದ್ದವು.

ಬಸ್ಸಿನಲ್ಲಿ ಬರುವಾಗ ನಿಮ್ಮ ಅಂಗಡಿಗೆ ಒಮ್ಮೆ ಬಂದಿದ್ದ ಹೆಂಗಸೊಬ್ಬರು ನೆನಪಾದರು. ಗಂಡನ ಸೇನೆಯ ಪದಕವನ್ನು ಸೆರಗಿನಿಂದ ಬಿಚ್ಚಿ ಇಟ್ಟಿದ್ದರು. ನೀವು ಮಾಮೂಲಿನಂತೆ ಚಾ ಕೊಟ್ಟಿರಿ, ಮಾತಾಡಿಸಿದಿರಿ, ಆಮೇಲೆ ಲೆನ್ಸು ತೆಗೆದು ಒಮ್ಮೆ ನೋಡಿ ಮಡಚಿ ಜೇಬಿಗಿಟ್ಟಿರಿ. "ಇದು ಮಾರುವ ಸಾಮಾನಲ್ಲ ತಂಗೀ. ಕೊಂಡೋಗಿ ಮಕ್ಕಳಿಗೆ ಕೊಡಿ." ಅವರು ಹೋದ ಮೇಲೆ ನಾನು ಬಿಡಲಿಲ್ಲ, ಅಸಲಿಯಾ ನಕಲಿಯಾ ಎಂದು ಪೀಡಿಸಿದೆ. ನೀವು ಚಾದ ಗ್ಲಾಸು ತೊಳೆಯುತ್ತಲೇ ಇದ್ದಿರಿ. ಅದು ನಕಲಿಯಾಗಿತ್ತು, ಅಲ್ಲವಾ? ಇಲ್ಲಿಯೇ ನನ್ನ ಜಗಳ. ಅಷ್ಟೆಲ್ಲ ಕಲಿಸಿದವರು ಇದನ್ನೂ ಬಾಯಿಬಿಟ್ಟು ಹೇಳಬಾರದಿತ್ತೇ? "ವಸಂತಾ, ಲೋಹ ಮಾತ್ರ ನೋಡಿ ಹೇಳಬೇಡ" ಎಂದು ಒಂದು ಸಲ ಗದರಿದ್ದರೆ ಸಾಕಿತ್ತು. ನೋಡಿ ಕಲಿಯುತ್ತಾನೆ ಎಂದುಕೊಂಡಿರಾ? ನಾನು ನೋಡುತ್ತಿದ್ದದ್ದು ಹಿತ್ತಾಳೆಯನ್ನು ಮಾತ್ರ, ನಿಮ್ಮನ್ನು ನೋಡಲೇ ಇಲ್ಲವಲ್ಲ...

ಮರುದಿನ ಆ ಫೋಟೋಗಳನ್ನು ಒಂದೊಂದಾಗಿ ತೆರೆದೆ. ಎದುರು, ಬೆನ್ನು, ಅಂಚು, ತೂತು, ಗುಳಿ, ಎಲ್ಲ ಇದ್ದವು, ಅಳತೆ ಸಹಿತ. ನಕಲಿ ಎಂದು ಸಾಬೀತು ಮಾಡಲು ಅಷ್ಟು ಶ್ರದ್ಧೆಯಿಂದ ತೆಗೆದಿದ್ದೆ. ಪ್ರಿಂಟ್ ಹಾಕಿಸಿ, ಈಗಲೂ ದೇವರ ವಿಗ್ರಹ ಎರಕ ಹೊಯ್ಯುವ ಒಬ್ಬರನ್ನು ಹುಡುಕಿಕೊಂಡು ಹೋದೆ. ಒಳ್ಳೆ ಕೆಲಸಗಾರ, ಅದೇ ತೊಂದರೆ. ಮೇಣದಲ್ಲಿ ಮಾದರಿ ಮಾಡುತ್ತಾ, "ಈ ಕಣ್ಣು ಸೊಟ್ಟ ಆಗಿದೆ, ಸರಿ ಮಾಡ್ತೇನೆ," ಎಂದರು. "ಬೇಡ, ಸೊಟ್ಟವೇ ಇರಲಿ." "ನಾಲಗೆ ಸಿಂಹಕ್ಕೆ ಹೀಗೆ ಇರುದಿಲ್ಲ." "ಇದಕ್ಕೆ ಇರ್ತದೆ." "ಬೆನ್ನಾದ್ರೂ ನಯ ಮಾಡ್ತೇನೆ ಮಾರಾಯ್ರೇ, ನನ್ನ ಹೆಸರು ಹಾಳಾಗ್ತದೆ!" ಕೈಮುಗಿದು ಬೇಡಿಕೊಂಡೆ. ನಕಲಿ ಮಾಡುವವರನ್ನು ಹಿಡಿಯುತ್ತಿದ್ದ ನಾನು ನಕಲಿಯ ಪಕ್ಕ ಕೂತು ಒಂದೊಂದು ಗುಳಿಯನ್ನೂ ಎಣಿಸಿ ಕೂರಿಸುತ್ತಿದ್ದೆ. ನೀವು ಕಂಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಿರಿ. ನನಗೆ ಮಾತ್ರ ನಗು ಬರಲಿಲ್ಲ.

ಬಿಲ್ಲೆ ಸಿದ್ಧವಾದ ಮೇಲೆ ಮೊದಲು ದೈವದ ಮನೆಯ ಯಜಮಾನರಾದ ಐತಪ್ಪ ಗುರಿಕಾರರಲ್ಲಿಗೆ ಹೋದೆ. ಹಳೆ ಹಿತ್ತಾಳೆ ಕೊಟ್ಟದ್ದು ತಾವೇ, ಮೂಟೆಯೊಳಗೆ ಅದಿದ್ದದ್ದು ಕಾಣಲಿಲ್ಲ ಎಂದು ಅವರು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ. ಹೊಸ ಬಿಲ್ಲೆಯನ್ನು ಕಂಡಾಗ ಅವರ ಕಣ್ಣು ಅರಳಿತು. "ಅದೇ! ತದ್ವತ್ ಅದೇ. ವಸಂತ, ಒಂದು ಉಪಕಾರ ಮಾಡು. ಕದ್ದದ್ದು ಸಿಕ್ಕಿತು ಅಂತ ಹೇಳುವ. ಬಿಲ್ಲೆಯ ವಿಷಯದಲ್ಲಿ ನಿನ್ನ ಮಾತಿಗೆ ಎದುರು ಮಾತುಂಟಾ? ಇದೇ ಅದು ಅಂತ ನೀನೊಂದು ಮಾತು ಹೇಳಿದ್ರೆ ಕಮಲಕ್ಕನಿಗೆ ನೆಮ್ಮದಿ. ಮಗ ಗಡಿಯಲ್ಲಿರುವ ಹೆಂಗಸು, ಬಿ.ಪಿ. ಬೇರೆ ಉಂಟು." ಸುಳ್ಳು ಹೇಳಬೇಕೆಂದು ಆಸೆಯಾಯಿತು, ಇಬ್ರಾಯಿಚ್ಚಾ. ನಿಮ್ಮಾಣೆಗೂ ಆಯಿತು. ಅವರ ನೆಮ್ಮದಿಗಾಗಿ ಎಂದುಕೊಂಡೆ, ಆದರೆ ನನ್ನ ಮಾನ ಉಳಿಯುತ್ತದಲ್ಲ ಎಂಬ ಲೆಕ್ಕವೂ ಒಳಗೆ ಇತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಲೆನ್ಸು ಮಡಚಿ ಸುಮ್ಮನಿರುತ್ತಿದ್ದಿರಾ? ಆ ಹೆಂಗಸಿನ ಪದಕ ನಕಲಿಯಾದರೂ ಅವರ ಕೈಯಲ್ಲೇ ಉಳಿದಿತ್ತು. ಕಮಲಕ್ಕನದ್ದನ್ನು ನಾನು ಇಲ್ಲದ ಹಾಗೆ ಮಾಡಿದ್ದೇನೆ. "ನನ್ನಿಂದ ಆದದ್ದನ್ನು ನಾನು ಹೇಳ್ತೇನೆ, ನಿಮ್ಮದನ್ನು ನೀವು ಹೇಳಿ," ಎಂದು ಎದ್ದುಬಂದೆ.

ಕಮಲಕ್ಕ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದರು. ಬಿಲ್ಲೆಯನ್ನು ಅವರ ಕೈಗೆ ಕೊಡುವ ಮೊದಲೇ ಎಲ್ಲವನ್ನೂ ಹೇಳಿದೆ. ನಕಲಿ ಎಂದು ಬರೆದದ್ದು, ಜನ ನಕ್ಕದ್ದು, ಅದು ಕರಗಿದ್ದು, ಇದನ್ನು ನಾನೇ ಮಾಡಿಸಿದ್ದು. ಮೆಣಸು ಹರಡುತ್ತಲೇ ಕೇಳಿಸಿಕೊಂಡರು. ಆಮೇಲೆ ಎದ್ದು ನಿಂತರು. "ಕಿಲೋ ಲೆಕ್ಕ ಅಂತ ಬರೆದ್ಯಾ? ನನ್ನ ಅಮ್ಮ ಕಿವಿಯ ಓಲೆ ಅಡವಿಟ್ಟು ಮಾಡಿಸಿದ್ದು ಅದು. ನಿಂಗೆ ಕಿಲೋ ಲೆಕ್ಕವಾ?" ಬಿಲ್ಲೆಯನ್ನು ಮುಂದೆ ಚಾಚಿದೆ. "ಅದನ್ನು ಒಳಗೆ ತರ್ಬೇಡ. ತೆಗೊಂಡೋಗು. ನನ್ನ ಮಗ ಬಂದು ಈ ಮೆಟ್ಟಿಲು ಹತ್ತುವವರೆಗೆ ನಿನ್ನ ಮುಖ ತೋರಿಸ್ಬೇಡ." ವಸಂತಣ್ಣ ಎನ್ನುತ್ತಿದ್ದವರು ಏಕವಚನಕ್ಕಿಳಿದಿದ್ದರು. ಅವರು ಬೈದದ್ದಕ್ಕಲ್ಲ, ಹೇಳುವಾಗ ಅವರ ಗದ್ದ ನಡುಗುತ್ತಿತ್ತು, ಅದಕ್ಕೆ ನನಗೆ ಅಳು ಬಂತು.

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ? ಟಿವಿಯಲ್ಲಿ ಗಡಿಯ ಸುದ್ದಿ ಬಂದರೆ ಕೈಯ ಕೆಲಸ ಬಿಟ್ಟು ಸತೀಶನ ಹೆಸರು ಬರುತ್ತದಾ ಎಂದು ನೋಡುತ್ತಿದ್ದೆ. ದೈವದ ವಿಷಯ ನಾನು ಅಷ್ಟಾಗಿ ತಲೆಗೆ ಹಾಕಿಕೊಂಡವನಲ್ಲ, ನಿಮಗೆ ಗೊತ್ತು. ಆದರೂ ಎಲ್ಲಾದರೂ ಆ ಹುಡುಗನಿಗೆ ಹೆಚ್ಚುಕಡಿಮೆಯಾದರೆ... ಮುಂದಕ್ಕೆ ಯೋಚಿಸಲು ಹೆದರಿಕೆ. ಗುಂಪಿನಲ್ಲಿ ನನ್ನ ತೀರ್ಪು ತಪ್ಪಾಗಿತ್ತು, ಅದು ಹರಕೆಯ ಬಿಲ್ಲೆ ಎಂದು ಬರೆದೆ. ಮೊದಲು ನಕ್ಕವರೇ ಮತ್ತೊಮ್ಮೆ ನಕ್ಕರು. ಈಗ ಯಾರಾದರೂ ಫೋಟೋ ಕಳಿಸಿದರೆ, ಇದು ಎಲ್ಲಿತ್ತು, ಯಾರ ಕೈಯಿಂದ ಬಂತು ಎಂದು ಕೇಳುತ್ತೇನೆ. "ಎಂತ ಅಣ್ಣ, ಪೊಲೀಸ್ ವಿಚಾರಣೆಯಾ?" ಎನ್ನುತ್ತಾರೆ. ಕಮಲಕ್ಕನ ಫೋನನ್ನು ಪಕ್ಕದ ಮನೆಯವರು ಬಂದು ಕೊಂಡುಹೋದರು. ಬಿಲ್ಲೆ ನನ್ನ ಮೇಜಿನ ಡ್ರಾಯರಿನಲ್ಲಿ ಬಟ್ಟೆಯೊಳಗೆ ಇತ್ತು. ಅದನ್ನು ಬಿಚ್ಚಿ ನೋಡುವ ಧೈರ್ಯ ನನಗಾಗಲಿಲ್ಲ.

ಇಷ್ಟೆಲ್ಲ ಬರೆದದ್ದು ಇವತ್ತು ಬೆಳಿಗ್ಗೆ ನಡೆದದ್ದನ್ನು ಹೇಳಲಿಕ್ಕೆ. ಅಂಗಡಿ ತೆರೆದು ಕಸ ಗುಡಿಸುತ್ತಿದ್ದೆ. ಒಂದು ಆಟೋ ಬಂದು ನಿಂತಿತು. ತಲೆಕೂದಲು ಸಣ್ಣಗೆ ಕತ್ತರಿಸಿದ, ಚಳಿಗೆ ಕೆನ್ನೆ ಒಡೆದ ಎತ್ತರದ ಜೀವ ಒಂದು ಇಳಿದು ಬಂತು. "ನಾನು ಸತೀಶ. ರಜೆಯಲ್ಲಿ ನಿನ್ನೆ ಬಂದೆ." ಪೊರಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ಕೈ ಕಾಲು ಎಲ್ಲ ನೆಟ್ಟಗಿದ್ದವು. "ಅಮ್ಮ ಆಟೋದಲ್ಲಿದ್ದಾರೆ. ಇಳಿಯುದಿಲ್ಲಂತೆ," ಎಂದ. ಬಾಗಿ ನೋಡಿದರೆ ಕಮಲಕ್ಕ ಮುಖ ಆ ಕಡೆ ತಿರುಗಿಸಿ ಕೂತಿದ್ದರು. "ಗುರಿಕಾರರೂ ಬಂದು ಅವರದ್ದನ್ನು ಹೇಳಿ ಹೋದ್ರು. ಆ ಬಿಲ್ಲೆ ಕೊಡಿ, ಅಮ್ಮ ನೋಡ್ಬೇಕಂತೆ."

ಕೊಟ್ಟೆ. ಅವನು ಕೊಂಡುಹೋಗಿ ಅಮ್ಮನ ಮಡಿಲಲ್ಲಿಟ್ಟ. ನಾನು ಬಾಗಿಲಲ್ಲೇ ನಿಂತೆ. ಕಮಲಕ್ಕ ಬಟ್ಟೆ ಬಿಚ್ಚಿದರು. ಕಣ್ಣಿನ ಉಬ್ಬನ್ನು, ನಾಲಗೆಯನ್ನು ಹೆಬ್ಬೆರಳಿಂದ ಸವರಿದರು. ಆಟೋದವನು ಇಂಜಿನ್ ನಿಲ್ಲಿಸಿ ಬೀಡಿ ಹಚ್ಚಿದ. ಆಮೇಲೆ ಅವರು ಮಗನಲ್ಲಿ ಏನೋ ಹೇಳಿದರು. ಸತೀಶ ಬಿಲ್ಲೆಯನ್ನು ಹಿಡಿದುಕೊಂಡು ತಿರುಗಿ ಬರುವುದನ್ನು ಕಂಡು, ಬೇಡ ಎಂದರೇನೋ ಎಂದುಕೊಂಡೆ.

ಅವನು ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟ. "ಮಂಗಳವಾರ ತಂಬಿಲ. ಇದನ್ನು ಪಾತ್ರಿಯ ಕೈಗೆ ಕೊಡ್ಬೇಕಾದ್ದು ನೀವಂತೆ. ಇದು ಹೊಸತು, ಹಳತನ್ನು ಕಳೆದದ್ದು ನಾನು ಅಂತ ದೈವದ ಹತ್ರ ಹೇಳ್ಬೇಕಾದ್ದೂ ನೀವಂತೆ." ಆಯಿತು ಎಂದೆ. ಅವನು ಎರಡು ಹೆಜ್ಜೆ ಹೋಗಿ ತಿರುಗಿದ. "ಮತ್ತೆ, ಅಮ್ಮ ಹೇಳಿದ್ರು, ಅವತ್ತು ಊಟ ನಮ್ಮಲ್ಲೇ ಅಂತ."

ಮಂಗಳವಾರ ಹೋಗುತ್ತೇನೆ, ಇಬ್ರಾಯಿಚ್ಚಾ. ದೈವ ಅದನ್ನು ತೆಗೆದುಕೊಳ್ಳುತ್ತದೋ ಬಿಡುತ್ತದೋ, ಕಮಲಕ್ಕ ನನ್ನ ಮುಖ ನೋಡುತ್ತಾರೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಸತೀಶನ ರಜೆ ಮುಗಿದು ಅವನು ಮತ್ತೆ ಅಲ್ಲಿಗೇ ಹೋಗುವವನು. ಊರವರೆಲ್ಲ ನಿಂತಿರುವಾಗ ಇದು ನಕಲು, ನಾನು ಮಾಡಿಸಿದ ನಕಲು ಎಂದು ನನ್ನ ಬಾಯಿಂದಲೇ ಹೇಳಿ ಅದನ್ನು ಒಪ್ಪಿಸಬೇಕು. ಹೇಳುತ್ತೇನೆ.

ನಿಮ್ಮ,
ವಸಂತ